ಎಣ್ಣೆ ಕಾಣದ ತಲೆ

ಅಕ್ಕನ ತಲೆಗೆ ಎಣ್ಣೆ ಬಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಅವಳು ಬೇಡ ಎನ್ನಲಾಗದ ದಿನ. ಹಾಕಿದವಳೂ ನಾನೇ.

ಡೊಂಬಿವಲಿಯ ಅವರ ಮನೆಯ ಹಾಲಿನಲ್ಲಿ ಸೋಫಾವನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದರು. ಗಂಡಸರನ್ನು ಹೊರಗಿನ ಪ್ಯಾಸೇಜಿಗೆ ಕಳಿಸಿ ನಾವು ನಾಲ್ಕು ಹೆಂಗಸರು ಅವಳಿಗೆ ಕೊನೆಯ ಸ್ನಾನ ಮಾಡಿಸಬೇಕಿತ್ತು. ಭಾವ, ಅಂದರೆ ಅಕ್ಕನ ಗಂಡ, ಒಂದು ಬಟ್ಟಲು ತೆಂಗಿನೆಣ್ಣೆ ತಂದು ಬಾಗಿಲ ಸಂದಿಯಿಂದ ನನ್ನ ಕೈಗೆ ಕೊಟ್ಟರು. ಮೂವತ್ತು ವರ್ಷ ಹೋಟೆಲಿನ ಬಾಣಲೆಯ ಮುಂದೆ ನಿಂತು ಗೋಳಿಬಜೆ ಕರಿದ ಮನುಷ್ಯ ಅವರು. "ಇವತ್ತು ಅವಳು ಬೇಡ ಅಂತ ಹೇಳ್ಲಿಕ್ಕಿಲ್ಲ. ಚಂದ ಮಾಡಿ ಹಾಕು" ಎಂದರು. ಆಮೇಲೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಬಟ್ಟಲು ಹಿಡಿದು ಕೂತವಳಿಗೆ ಕೈಯೇ ಏಳಲಿಲ್ಲ. ಬೆನ್ನ ಹಿಂದೆ ಯಾರೋ "ಎಣ್ಣೆ?" ಎಂದು ಕೇಳಿದ ಹಾಗಾಯಿತು. ಕೊನೆಗೆ ಒಂದು ತೊಟ್ಟು ತೆಗೆದು ಮೊದಲು ಅವಳ ಕಾಲಿನ ಹೆಬ್ಬೆರಳ ಉಗುರಿಗೆ ಹಚ್ಚಿದೆ. ಪಕ್ಕದ ಮನೆಯ ಅಮ್ಮ, "ಅಯ್ಯೋ, ಅಲ್ಲಿಗೆ ಯಾರಾದ್ರೂ ಹಚ್ತಾರಾ? ತಲೆಗೆ ಹಾಕಮ್ಮ" ಎಂದು ಗದರಿದರು. ಅವರಿಗೆ ಗೊತ್ತಿರಲಿಲ್ಲ. 

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ನನ್ನ ಅಪ್ಪನೂ ಭಾವನೂ ಒಂದೇ ಹೋಟೆಲಿನಲ್ಲಿ ದುಡಿಯುತ್ತಿದ್ದರು, ಅಷ್ಟೇ ನಂಟು. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತು ಅಮ್ಮನ ಜೊತೆ ಜಗಳವಾಡುತ್ತಿದ್ದ ನನ್ನನ್ನು, "ಕೈ ನಡುಗುದಿಲ್ಲ ಅಲ್ವಾ ನಿಂದು? ಹಾಗಾದ್ರೆ ಬಾ" ಎಂದು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ತಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿಗೆ ಕರೆದೊಯ್ದಳು. ಅಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಮರಾಠಿ ಮಾತಾಡುವವರೂ ಅಕ್ಕಾ, ಮಾಲೀಕರಾದ ಸೇಠ್‌ಜಿಯೂ ಅಕ್ಕಾ. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ನಮ್ಮದು ಮುಳುಗುಗಾರರ ಸಾಮಾನು ತೊಳೆದು ಸರಿ ಮಾಡುವ ಜಾಗ. ಹೆಚ್ಚಿನವು ಸಾಧಾರಣ ಸೆಟ್ಟುಗಳು. ಅವುಗಳ ನಡುವೆ ತಿಂಗಳಿಗೆ ಮೂರೋ ನಾಲ್ಕೋ ರೀಬ್ರೀದರ್ ಬರುತ್ತಿದ್ದವು. ಸಾಧಾರಣ ಸೆಟ್ಟಿನಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ನೀರಿಗೆ ಹೋಗುತ್ತದೆ. ರೀಬ್ರೀದರಿನಲ್ಲಿ ಅದೇ ಉಸಿರು ಕೊಳವೆಯೊಳಗೆ ಸುತ್ತು ಬರುತ್ತದೆ. ಸುಣ್ಣದ ಹರಳು ತುಂಬಿದ ಡಬ್ಬಿಯೊಂದು ಅದರ ಕೆಟ್ಟ ಗಾಳಿಯನ್ನು ಹೀರುತ್ತದೆ, ಚಿಕ್ಕ ಹಸಿರು ಸಿಲಿಂಡರೊಂದು ಆಕ್ಸಿಜನ್ ಬೆರೆಸುತ್ತದೆ. ಹೇಳಲು ಇಷ್ಟೇ. ಅದರೊಳಗಿನ ರಬ್ಬರ್ ಬಳೆಗಳು, ಎಲೆಯಷ್ಟು ತೆಳ್ಳಗಿನ ವಾಲ್ವುಗಳು, ಕಡಲೆ ಗಾತ್ರದ ಫಿಲ್ಟರುಗಳು, ಇವುಗಳಲ್ಲಿ ಒಂದು ತಪ್ಪಿದರೂ ನೀರಿನಡಿಯಲ್ಲಿರುವವನಿಗೆ ತಪ್ಪಿದ್ದು ಗೊತ್ತಾಗುವುದಿಲ್ಲ. ನಿದ್ದೆ ಬಂದ ಹಾಗಾಗುತ್ತದಂತೆ. ಆ ಸಣ್ಣ ಭಾಗಗಳ ಮೇಜು ಅಕ್ಕನದು.

ಬಾಗಿಲಲ್ಲೇ ನಿಂತು ಅವಳು ದಿನವೂ ಕೇಳುತ್ತಿದ್ದ ಪ್ರಶ್ನೆ ಒಂದೇ ಪದ: "ಎಣ್ಣೆ?"

ಇಲ್ಲ ಎಂದರೆ ಒಳಗೆ. ಹೌದು ಎಂದರೆ ಆ ದಿನ ಪ್ಯಾಕಿಂಗ್ ಕೆಲಸ, ಸಣ್ಣ ಭಾಗಗಳ ಕೋಣೆಗೆ ಕಾಲಿಡುವ ಹಾಗಿಲ್ಲ. ಕನ್ನಡದ ಒಂದಕ್ಷರ ತಿಳಿಯದ ಹೆಂಗಸರಿಗೂ ಆ ಪದ ಗೊತ್ತಿತ್ತು. "ನಾಹೀ ಅಕ್ಕಾ, ನಾಹೀ" ಎನ್ನುತ್ತ ಒಳಗೆ ನುಗ್ಗುತ್ತಿದ್ದರು. ನನಗೆ ಮೊದಲು ಇದೆಲ್ಲ ಅತಿಯೆನಿಸಿತ್ತು. "ಒಂದು ಹನಿ ಎಣ್ಣೆಯಿಂದ ಏನಾಗ್ತದೆ ಅಕ್ಕ, ನಾವೇನು ಅನ್ನಕ್ಕೆ ಹಾಕ್ತೇವಾ?" ಎಂದು ಕೇಳಿದ್ದೆ. ಅವಳು ನನ್ನನ್ನು ಮೂಲೆಯ ಕಪಾಟಿಗೆ ಕರೆದೊಯ್ದು ಕಪ್ಪಾಗಿ ಕರಗಿದ ಹಿತ್ತಾಳೆಯ ತುಂಡೊಂದನ್ನು ಕೈಗಿಟ್ಟಳು.

"ಆಕ್ಸಿಜನ್ ಬಾಯಿ ಇದು, ಹಸಿರು ಸಿಲಿಂಡರಿನ ಮೂತಿಗೆ ಕೂರುದು. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದ್ರೆ ಬೆಂಕಿಕಡ್ಡಿ ಬೇಡ. ವಾಲ್ವ್ ಓಪನ್ ಮಾಡಿದ್ದೇ ಧಗ್ ಅಂತ. ಹಿತ್ತಾಳೆ ಕರಗಿದ್ದು ನೋಡಿದಿಯಲ್ಲ. ಅದನ್ನು ಹಿಡ್ಕೊಂಡವನ ಕೈ ಹೇಗೆ ಇದ್ದೀತು, ಆಲೋಚನೆ ಮಾಡು."

ಆಮೇಲೆ ನಾನು ಕೇಳಲಿಲ್ಲ.

ನಮ್ಮಿಂದ ಕೇಳಿದ್ದಕ್ಕಿಂತ ಹತ್ತು ಪಾಲು ಹೆಚ್ಚನ್ನು ಅವಳು ತಾನೇ ಮಾಡುತ್ತಿದ್ದಳು. ಸೇರಿದಂದಿನಿಂದ ತಲೆಗೆ ಎಣ್ಣೆ ಬಿಟ್ಟಿದ್ದಳು. ಕೂದಲು ತೆಂಗಿನ ನಾರಿನ ಹಾಗೆ ಕೆಂಪಗೆ ಒರಟಾಗಿತ್ತು. ಉಡುಪಿಯಿಂದ ಬಂದ ಅತ್ತೆ ಅದನ್ನು ಕಂಡು ಗೋಳಾಡಿದ್ದರಂತೆ: "ನನ್ನ ಮಗ ಗಟ್ಟಿಮುಟ್ಟಾಗಿ ಇದ್ದಾನೆ, ಇವಳಿಗೆ ಎಂತ ಬಂದದ್ದು ಹೀಗೆ ಒಣ ತಲೆಯಲ್ಲಿ ತಿರುಗ್ಲಿಕ್ಕೆ?" ಅಕ್ಕ ಭಾವನ ಅಂಗಿಯೊಡನೆ ತನ್ನ ಬಟ್ಟೆ ಒಗೆಯುತ್ತಿರಲಿಲ್ಲ. ಕರಿದದ್ದು ಭಾನುವಾರ ಮಾತ್ರ. ಡೊಂಬಿವಲಿಯಿಂದ ಠಾಣೆಯ ತನಕ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇನ್ನೊಬ್ಬರ ಎಣ್ಣೆ ಜಡೆ ಮುಖಕ್ಕೆ ಒತ್ತುತ್ತದಲ್ಲ, ಅದಕ್ಕೆ ದೊಡ್ಡದೊಂದು ಕರವಸ್ತ್ರ ಮುಖದೆದುರು ಹಿಡಿದು ನಿಲ್ಲುತ್ತಿದ್ದಳು. ಬಟಾಟಾ ವಡೆ ತಿಂದ ಕೈಯಲ್ಲಿ ಯಾರಾದರೂ ಅದೇ ಹಿಡಿಕೆಗೆ ಕೈ ಹಾಕಿದರೆ ತಾನು ಕೈ ಬಿಟ್ಟು ಜನರ ಒತ್ತಡದ ಮೇಲೆಯೇ ನಿಂತಿರುತ್ತಿದ್ದಳು. ವರ್ಕ್‌ಶಾಪಿಗೆ ಬಂದು ಬಟ್ಟೆ ಬದಲಿಸಿ ಮೊಣಕೈ ತನಕ ಸೋಪು ಹಾಕಿ ತಿಕ್ಕುವಾಗ ನನಗೆ ನಗು ಬರುತ್ತಿತ್ತು. ಭಾವ ದಿನವಿಡೀ ಎಣ್ಣೆಯಲ್ಲೇ ಮುಳುಗಿರುವವರು. ಇವಳು ಅದರ ಹನಿಯನ್ನೂ ಬಿಟ್ಟವಳು. ಸಂಸಾರ ಹೇಗೆ ನಡೆಯುತ್ತದೋ ಎಂದುಕೊಳ್ಳುತ್ತಿದ್ದೆ. ಚೆನ್ನಾಗಿಯೇ ನಡೆದಿತ್ತು ಅನ್ನಿ.

ಹಬ್ಬಕ್ಕೆ ಏನು ಮಾಡುತ್ತೀರಿ ಎಂದು ಒಮ್ಮೆ ಅವಳನ್ನೇ ಕೇಳಿದ್ದೆ. ನರಕ ಚತುರ್ದಶಿಯಂದು ಎಣ್ಣೆ ಮುಟ್ಟದೆ ಸ್ನಾನ ಮಾಡುವುದು ನಮ್ಮಲ್ಲಿ ಊಹಿಸಲಾಗದ ಮಾತು. ಅಕ್ಕ ಪಾದ ಮುಂದೆ ಚಾಚಿ ತೋರಿಸಿದಳು. "ಶಾಸ್ತ್ರಕ್ಕೆ ಇಲ್ಲಿ ಒಂದು ತೊಟ್ಟು. ಹೆಬ್ಬೆರಳಿಗೆ. ಮೇಲಿಂದ ಸಾಕ್ಸ್ ಹಾಕಿದ್ರೆ ಆಯ್ತು. ದೇವರಿಗೂ ಸಮಾಧಾನ, ಆಕ್ಸಿಜನ್ನಿಗೂ ಸಮಾಧಾನ."

ಮೇಜಿನ ಮೇಲೆ ಅವಳು ಭಾಗಗಳನ್ನು ಜೋಡಿಸುತ್ತಿದ್ದ ಕ್ರಮ ನಾನು ಬೇರೆಲ್ಲೂ ಕಂಡಿಲ್ಲ. ಬಾಳೆ ಎಲೆಗೆ ಬಡಿಸುವ ಕ್ರಮ. ಬಿಳಿ ಬಟ್ಟೆ ಹಾಸಿ, ಎಡಗಡೆ ಮೇಲೆ ಉಪ್ಪಿನ ಜಾಗದಲ್ಲಿ ಅತಿ ಸಣ್ಣ ರಬ್ಬರ್ ಬಳೆ, ಪಕ್ಕದಲ್ಲಿ ಉಪ್ಪಿನಕಾಯಿಯ ಜಾಗಕ್ಕೆ ಫಿಲ್ಟರ್, ಕೋಸಂಬರಿಯ ಜಾಗಕ್ಕೆ ಸ್ಪ್ರಿಂಗು. ದೊಡ್ಡವು ಅನ್ನದ ಜಾಗದಲ್ಲಿ, ನಡುವೆ. ಹೋಟೆಲಿನವರ ಮನೆಯ ಹೆಂಗಸು ಎಲೆ ನೋಡಿದ ಕೂಡಲೇ ಏನು ಬಡಿಸಿಲ್ಲ ಎಂದು ಹೇಳುತ್ತಾಳೆ. ಹಾಗೆಯೇ ಒಂದು ಭಾಗ ಕಾಣೆಯಾದರೆ ಅವಳಿಗೆ ದೂರದಿಂದಲೇ ತಿಳಿಯುತ್ತಿತ್ತು. "ಏ, ನಿನ್ನ ಎಲೆಯಲ್ಲಿ ಉಪ್ಪಿಲ್ಲ" ಎಂದು ಕೂಗುತ್ತಿದ್ದಳು. ಹಳೆಯ ಬಳೆಯನ್ನು ಕತ್ತರಿಯಿಂದ ತುಂಡು ಮಾಡದೆ ಹೊಸದರ ಪೊಟ್ಟಣ ಒಡೆಯಲು ಬಿಡುತ್ತಿರಲಿಲ್ಲ. ಹಳತು ಹೊಸತು ಒಂದೇ ಕಡೆ ಇಡಿಯಾಗಿದ್ದರೆ ಒಂದು ದಿನ ಹಳತು ಒಳಗೆ ಹೋಗಿಯೇ ಹೋಗುತ್ತದೆ ಎನ್ನುವುದು ಅವಳ ಲೆಕ್ಕ. ಉಸಿರು ಒಂದೇ ದಿಕ್ಕಿಗೆ ಹೋಗುವಂತೆ ಮಾಡುವ ಆ ತೆಳು ವಾಲ್ವುಗಳನ್ನು ಕೂರಿಸಿದ ಮೇಲೆ ಕೊಳವೆಯನ್ನು ತಾನೇ ಬಾಯಿಗಿಟ್ಟು, ಒಂದು ಬದಿ ಬೆರಳಲ್ಲಿ ಒತ್ತಿ ಉಸಿರೆಳೆದು, ಇನ್ನೊಂದು ಬದಿ ಒತ್ತಿ ಉಸಿರು ಬಿಟ್ಟು ನೋಡುತ್ತಿದ್ದಳು. ಕಣ್ಣು ಮುಚ್ಚಿ ಮೂರು ಸಲ. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ.

ಕಡೆಯ ಪರೀಕ್ಷೆ ನೀರಿನದು. ಆಕ್ಸಿಜನ್ ಕಡೆಯ ಪ್ರತಿಯೊಂದು ಭಾಗದ ಮೇಲೂ ಶುದ್ಧ ನೀರು ಸುರಿಯಬೇಕು. ನೀರು ತೆಳ್ಳಗೆ ಹರಡಿ ಹಾಸಿಕೊಂಡರೆ ಶುದ್ಧ. ಮಣಿ ಕಟ್ಟಿ ನಿಂತರೆ ಎಲ್ಲೋ ಜಿಡ್ಡಿದೆ, ಮತ್ತೆ ಮೊದಲಿಂದ ತೊಳೆಯಬೇಕು. "ಮನುಷ್ಯರು ಸುಳ್ಳು ಹೇಳ್ತಾರೆ, ನೀರು ಹೇಳುದಿಲ್ಲ" ಎನ್ನುತ್ತಿದ್ದಳು. ಈ ಮಾತು ನನ್ನ ಮೇಲೇ ನಿಜವಾದದ್ದು ನಾನು ಸೇರಿದ ಎರಡನೇ ವರ್ಷ.

ಅದು ನನ್ನ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಗಂಡನ ಮನೆ ಠಾಣೆಯ ಹತ್ತಿರದ ಕಳವಾ ಊರಿನಲ್ಲಿ. ಹಬ್ಬಕ್ಕೆ ಮಗಳು ಅಳಿಯ ಎಂದು ಅಮ್ಮ ಡೊಂಬಿವಲಿಗೆ ಕರೆಸಿಕೊಂಡಿದ್ದಳು. ನಸುಕಿನಲ್ಲೇ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ಇಟ್ಟು, ಕೈಕಾಲಿಗೆಲ್ಲ ತಿಕ್ಕಿ ಆರತಿ ಎತ್ತಿದಳು. ಮೊದಲ ಹಬ್ಬದ ದಿನ ಬೇಡ ಎನ್ನಲು ಬಾಯಿ ಬರುತ್ತದೆಯೇ? ಅದೂ ಅಲ್ಲದೆ ಅವತ್ತು ರಜೆ. ಸೀಗೆಪುಡಿ ಹಾಕಿ, ಮೇಲೆ ಎರಡು ಸಲ ಶಾಂಪೂ ಹಾಕಿ ತಲೆ ತೊಳೆದೆ.

ಒಂಬತ್ತು ಗಂಟೆಗೆ ಅಕ್ಕನ ಫೋನು. "ದಾದಾನ ಸೆಟ್ಟಿನ ಆಕ್ಸಿಜನ್ ಬಾಯಿ ಲೀಕ್ ಆಗ್ತಾ ಉಂಟಂತೆ. ನಾಳೆ ಅವರು ನೀರಿಗಿಳಿಬೇಕು. ಒಬ್ಳಿಗೆ ಆಗುದಿಲ್ಲ, ಬರ್ತಿಯಾ?"

ದಾದಾ ನಮ್ಮ ಹಳೆಯ ಗಿರಾಕಿ, ಸಮುದ್ರದಡಿಯಲ್ಲಿ ಫೋಟೊ ತೆಗೆಯುವ ಮರಾಠಿಗರು. ರೀಬ್ರೀದರಿನಲ್ಲಿ ಗುಳ್ಳೆ ಬರುವುದಿಲ್ಲವಾದ್ದರಿಂದ ಮೀನುಗಳು ಬೆದರುವುದಿಲ್ಲ ಎಂದು ಅದನ್ನೇ ಬಳಸುತ್ತಿದ್ದರು. ವರ್ಕ್‌ಶಾಪಿಗೆ ಬಂದಾಗೆಲ್ಲ ನಮಗೆ ಚಿಕ್ಕಿ ತರುತ್ತಿದ್ದರು. ಅಂಥವರ ಕೆಲಸ. ನಾನು ಹೊರಟೆ.

ಬಾಗಿಲಲ್ಲಿ ಅಕ್ಕ ಕೇಳಿದಳು: "ಎಣ್ಣೆ?"

ಹೌದು ಎಂದರೆ ಅಷ್ಟು ದೂರ ಬಂದದ್ದು ವ್ಯರ್ಥ. ಹಬ್ಬದ ದಿನ ಗಂಡನನ್ನು ಬಿಟ್ಟು ಬಂದಿದ್ದೇನೆ ಎಂಬ ಜಂಬ ಬೇರೆ. ತೊಳೆದಿದ್ದೇನಲ್ಲ, ಮೂರು ಸಲ ತೊಳೆದಿದ್ದೇನಲ್ಲ. "ಇಲ್ಲ" ಎಂದೆ.

ಅವಳು ವಾಲ್ವುಗಳ ಕಡೆ ಕೂತಳು. ಆಕ್ಸಿಜನ್ ಬಾಯಿ ನನಗೆ ಬಂತು. ಬಿಚ್ಚಿ, ತೊಳೆದು, ನೀರು ಸುರಿದು ನೋಡಿದೆ. ಎಲ್ಲ ಶುದ್ಧವಾಗಿತ್ತು. ಅಲ್ಲಿಂದ ಜೋಡಿಸುವ ಕೆಲಸ. ದಾದಾ ತಲೆಯ ಮೇಲೆ ನಿಂತು ಗಡಿಯಾರ ನೋಡುತ್ತಿದ್ದರು. ಎಂದಿನಂತೆ ನಮ್ಮಲ್ಲೇ ಆಕ್ಸಿಜನ್ ಬಿಟ್ಟು ನೋಡೋಣವೆಂದರೆ ನಮ್ಮ ಸಿಲಿಂಡರ್ ಖಾಲಿ, ತುಂಬಿಸುವವರಿಗೆ ಹಬ್ಬದ ರಜೆ. "ನೆರೂಳಿನ ಸ್ವಿಮ್ಮಿಂಗ್ ಪೂಲಿನಲ್ಲಿ ನನ್ನ ಸಿಲಿಂಡರ್ ಇದೆ, ಅಲ್ಲೇ ಹಚ್ಚಿ ನೋಡುತ್ತೇನೆ" ಎಂದು ದಾದಾ ಸೆಟ್ಟು ಹೊತ್ತುಕೊಂಡು ಹೋದರು. ಆಗ ಒಂದೂವರೆ ಗಂಟೆ.

ನಾನು ಗ್ಲೌಸು ತೆಗೆದು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದೆ. ಅಕ್ಕ ಪಕ್ಕದಲ್ಲಿ ಬಿಳಿ ಬಟ್ಟೆ ಮಡಚುತ್ತಿದ್ದಳು. ನಲ್ಲಿ ನಿಲ್ಲಿಸಿದೆ. ಅವಳ ಮಡಚುವ ಕೈ ನಿಂತಿತು. ಅವಳು ನೋಡುತ್ತಿದ್ದುದು ನನ್ನ ಮುಂಗೈಯನ್ನು. ಮೊಣಕೈಯಿಂದ ಮಣಿಕಟ್ಟಿನ ತನಕ ನೀರು ಮಣಿಮಣಿಯಾಗಿ ನಿಂತಿತ್ತು.

ಅವಳು ನನ್ನ ಕೈ ಎಳೆದು ಮೂಸಿದಳು. ಕೆಲಸದ ಟೋಪಿ ಕಿತ್ತು ತಲೆ ಮೂಸಿದಳು. ಆ ದಿನ ಎರಡನೇ ಸಲ ಕೇಳಿದಳು: "ಎಣ್ಣೆ?"

"ತೊಳೆದಿದ್ದೆ ಅಕ್ಕ... ಎರಡು ಸಲ ಶಾಂಪೂ..."

"ಗ್ಲೌಸು ಹಾಕಿ ತಲೆ ಮುಟ್ಟಿದಿಯಾ?"

ನೆನಪಾಯಿತು.  ಟೋಪಿಯ ಅಂಚು ಹಣೆಯಲ್ಲಿ ತುರಿಸುತ್ತಿತ್ತು. ಬೆರಳು ಒಳಗೆ ತೂರಿಸಿ ಕೆರೆದುಕೊಂಡಿದ್ದೆ. ಫಿಲ್ಟರ್ ಕೂರಿಸುವ ಹೊತ್ತಿನಲ್ಲೇ.

"ಒಂದೇ ಸಲ" ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಪಾಟಿನಿಂದ ಸ್ಪೇರ್ ಆಕ್ಸಿಜನ್ ಬಾಯಿಯನ್ನು, ಕೀಲಿಗಳ ಚೀಲವನ್ನು, ಒಂದು ಬಾಟಲಿ ಶುದ್ಧ ನೀರನ್ನು ಚೀಲಕ್ಕೆ ತುರುಕುತ್ತ, ಇನ್ನೊಂದು ಕೈಯಲ್ಲಿ ದಾದಾಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಗಾಡಿ ಓಡಿಸುವಾಗ ಜೋರಾಗಿ ಹಾಡು ಹಾಕಿ ಫೋನನ್ನು ಎಲ್ಲೋ ಎಸೆಯುವ ಅಭ್ಯಾಸ ಅವರದು, ನಮಗೆಲ್ಲ ಗೊತ್ತಿತ್ತು. ಸೇಠ್‌ಜಿಗೆ ಹೇಳಿ ಪೂಲಿನ ನಂಬರ್ ಹುಡುಕಿಸಲು ಬಿಟ್ಟು ಅಕ್ಕ ರಿಕ್ಷಾ ನಿಲ್ಲಿಸಿದಳು.

"ಸ್ಟೇಷನ್. ಜಲ್ದೀ ಚಲೋ ಭಾಯಿ."

"ನೆರೂಳಿಗೆ ರಿಕ್ಷಾದಲ್ಲೇ ಹೋದ್ರೆ...?"

"ಹಬ್ಬದ ಟ್ರಾಫಿಕ್ ನೋಡ್ಲಿಲ್ವಾ ನೀನು? ಸುಮ್ನೆ ಕೂತ್ಕೊ."

ಠಾಣೆಯಿಂದ ನೆರೂಳಿನ ಕಡೆ ಹೋಗುವ ಲೋಕಲ್ ಸಿಕ್ಕಿತು. ಡಬ್ಬಿಯಲ್ಲಿ ಹೊಸ ಸೀರೆ, ಮಲ್ಲಿಗೆ, ಫರಾಳದ ತಿಂಡಿಯ ಡಬ್ಬಿಗಳು. ಎಲ್ಲ ಹೆಂಗಸರ ತಲೆಯಿಂದಲೂ ಹಬ್ಬದ ಎಣ್ಣೆಯ ವಾಸನೆ.  ಅಕ್ಕ ಬಾಗಿಲ ಬಳಿ ನಿಂತು ಒಂದೇ ಸಮನೆ ಫೋನ್ ಒತ್ತುತ್ತಿದ್ದಳು. ಐರೋಲಿ ಬಂತು. ಎತ್ತಲಿಲ್ಲ. ರಬಾಳೆ ಬಂತು. ಎತ್ತಲಿಲ್ಲ. ದಾದಾ ಹೊರಟು ನಲವತ್ತು ನಿಮಿಷವಾಗಿತ್ತು. ನಾನು ಮನಸ್ಸಿನಲ್ಲಿ ಅವರ ಕೈಗಳನ್ನೇ ಕಾಣುತ್ತಿದ್ದೆ, ಚಿಕ್ಕಿಯ ಪೊಟ್ಟಣ ಬಿಚ್ಚುವ ದೊಡ್ಡ ಕೈಗಳು. ಅವರದು ಎಲ್ಲ ಅವಸರ, ವಾಲ್ವನ್ನೂ ಒಂದೇ ತಿರುವಿಗೆ ಪೂರ್ತಿ ತೆರೆಯುವವರು. ರಬಾಳೆ ದಾಟಿ ಗಾಡಿ ನಿಂತುಬಿಟ್ಟಿತು. ಏಕೆ ನಿಂತಿತೋ, ಯಾರಿಗೆ ಗೊತ್ತು? ಒಂದು ನಿಮಿಷ. ಎರಡು. ನಾನು ಅಳಲು ಶುರುಮಾಡಿದೆ. ಅಕ್ಕ ತಿರುಗಿಯೂ ನೋಡಲಿಲ್ಲ.

ಸೇಠ್‌ಜಿಯ ಮೆಸೇಜು ಬಂತು. ಪೂಲಿನ ನಂಬರ್. ಎತ್ತಿದವನು ವಾಚ್‌ಮನ್.

"ಸಾಬ್ ಅಭೀ ಆಯೇ ಹೈ. ಸಾಮಾನ್ ಲಗಾ ರಹೇ ಹೈ" ಎಂದ. ಸಾಹೇಬರು ಈಗಷ್ಟೇ ಬಂದು ಸಾಮಾನು ಜೋಡಿಸುತ್ತಿದ್ದಾರೆ.

ಅಕ್ಕನ ದನಿ ಆ ಗದ್ದಲದಲ್ಲೂ ಡಬ್ಬಿಗೆಲ್ಲ ಕೇಳಿಸಿತು. "ಭಾಗೋ! ಉನ್‌ಕೋ ಬೋಲೋ ಹರಾ ಸಿಲಿಂಡರ್ ಖೋಲ್ನೇಕಾ ನಹೀ! ಅಕ್ಕಾ ಕಾ ಫೋನ್ ಹೈ ಬೋಲೋ! ಭಾಗೋ!"

ಹಸಿರು ಸಿಲಿಂಡರ್ ತೆರೆಯಬೇಡಿ ಎಂದು ಹೇಳಲು ಅವನು ಫೋನನ್ನು ಮೇಜಿನ ಮೇಲಿಟ್ಟು ಓಡಿದ. ಇಟ್ಟ ಸದ್ದು ಕೇಳಿಸಿತು, ಚಪ್ಪಲಿಯ ಸದ್ದು ದೂರವಾಯಿತು. ಅಕ್ಕ ಸ್ಪೀಕರ್ ಹಾಕಿ ಫೋನನ್ನು ನಮ್ಮಿಬ್ಬರ ಕಿವಿಗಳ ನಡುವೆ ಹಿಡಿದಳು. ಅಲ್ಲಿ ಫ್ಯಾನಿನ ಸದ್ದು. ನೀರಿನ ಸದ್ದು. ಎಲ್ಲೋ ಒಂದು ಪಟಾಕಿ ಸಿಡಿಯಿತು. ನಾನು ಚೀರಿ ಬಾಯಿ ಮುಚ್ಚಿಕೊಂಡೆ. ಅದು ಪಟಾಕಿಯೇ ಹೌದೋ ಅಲ್ಲವೋ ನಮಗೆ ಹೇಗೆ ಗೊತ್ತಾಗಬೇಕು?  ಎದುರು ಕೂತ ಹೆಂಗಸೊಬ್ಬಳು ತನ್ನ ಮಗಳಿಗೆ ಸುಮ್ಮನಿರಲು ಹೇಳಿದಳು. ಗಾಡಿ ಮೆಲ್ಲಗೆ ಚಲಿಸಿತು. ನಾವಿಬ್ಬರೂ ಹಾಗೆಯೇ ತಲೆಗೆ ತಲೆ ತಾಗಿಸಿ ನಿಂತಿದ್ದೆವು, ನನ್ನ ಎಣ್ಣೆ ತಲೆ ಅವಳ ಒಣ ತಲೆಗೆ.

ಚಪ್ಪಲಿಯ ಸದ್ದು ಹತ್ತಿರ ಬಂತು. ಒಬ್ಬರದಲ್ಲ, ಇಬ್ಬರದು.

"ಕಾಯ್ ಝಾಲಂ, ಅಕ್ಕಾ?" ಏನಾಯಿತೆಂದು ಕೇಳುವ ದಾದಾನ ದನಿ. ಓಡಿ ಬಂದು ಏದುಸಿರು ಬಿಡುತ್ತಿದ್ದರು. "ವಾಲ್ವಿನ ಮೇಲೆ ಕೈ ಇಟ್ಟಿದ್ದೆ" ಎಂದು ಮರಾಠಿಯಲ್ಲಿ ಹೇಳಿದರು.

ಅಕ್ಕ ಕಣ್ಣು ಮುಚ್ಚಿದಳು. ಆಮೇಲೆ ಫೋನನ್ನು ನನ್ನ ಕೈಗಿಟ್ಟಳು.

"ಹೇಳು."

"ಅಕ್ಕ, ನೀವೇ..."

"ಜೀವ ಅವರದ್ದು. ಅವರಿಗೆ ನೀನೇ ಹೇಳ್ಬೇಕು."

ಲೇಡೀಸ್ ಡಬ್ಬಿಯ ಅಷ್ಟು ಜನರ ಎದುರಿಗೆ ನಾನು ಹೇಳಿದೆ. ತಲೆಗೆ ಎಣ್ಣೆ ಹಚ್ಚಿದ್ದೆ ದಾದಾ. ಅಕ್ಕನಿಗೆ ಇಲ್ಲ ಎಂದು ಸುಳ್ಳು ಹೇಳಿದೆ. ನಿಮ್ಮ ಆಕ್ಸಿಜನ್ ಬಾಯಿಯನ್ನು ಆ ಕೈಯಲ್ಲಿ ಮುಟ್ಟಿದೆ.  ಅವರ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ನಂತರ "ಯಾ ತುಮ್ಹೀ", ನೀವು ಬನ್ನಿ, ಎಂದಷ್ಟೇ ಹೇಳಿ ಇಟ್ಟರು.

ಪೂಲಿನ ಪಕ್ಕದ ಮೇಜಿನ ಮೇಲೆ ಅಕ್ಕ ಬಿಳಿ ಬಟ್ಟೆ ಹಾಸಿ ಬಿಚ್ಚಿದಳು. ನಾನು ಮೂರು ಹೆಜ್ಜೆ ದೂರ ನಿಂತಿದ್ದೆ, ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಫಿಲ್ಟರ್ ಕೂರುವ ಹಿತ್ತಾಳೆಯ ಬಿಲ್ಲೆಯನ್ನು ತೆಗೆದು, ಬಾಟಲಿಯ ನೀರು ಸುರಿದು ನೋಡಿದಳು. ಆದರೆ ಆ ಹೊತ್ತಿಗೆ ಸರಿಯಾಗಿ ನನಗೆ ಬೆನ್ನು ತಿರುಗಿಸಿದಳು. ನನಗೆ ಕಂಡದ್ದು ಅವಳ ಬೆನ್ನು, ಒಣ ತುರುಬು. ಆಮೇಲೆ ಬಿಲ್ಲೆಯನ್ನು ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿ ಬಾಯಿ ಒತ್ತಿ ಚೀಲಕ್ಕಿಳಿಸಿದಳು.

"ಮಣಿ ಕಟ್ಟಿತಾ ಅಕ್ಕ?"

"ಕೀಲಿ ಕೊಡು."

ಸ್ಪೇರನ್ನು ತಾನೇ ಹಾಕಿದಳು. ಎಲ್ಲರನ್ನೂ ದೂರ ನಿಲ್ಲಿಸಿ ವಾಲ್ವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ ತಾನೇ ತೆರೆದಳು. ದಾದಾ ಅವಳಿಗೆ ಕೈ ಮುಗಿದರು.  ಮರುದಿನ ಅವರು ನೀರಿಗಿಳಿದರು, ಮೇಲೆ ಬಂದರು.

ವಾಪಸ್ ಬರುವಾಗ ಗಾಡಿಯಲ್ಲಿ ನಾನು ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದೆ. "ನಾಳೆ ರಜೆ. ನಾಡಿದ್ದು ಎಂಟೂವರೆಗೆ ಬಾ" ಎಂದಳು. ಸೇಠ್‌ಜಿ ಕೇಳಿದಾಗ, "ಕಡೆಗೆ ನೋಡಿ ಕಳಿಸ್ಬೇಕಾದವಳು ನಾನು, ನೋಡ್ಲಿಲ್ಲ. ತಪ್ಪು ನಂದು" ಎಂದಳಂತೆ. ನನ್ನ ಹೆಸರು ಎತ್ತಲೇ ಇಲ್ಲ. ದಾದಾನ ಎದುರು ನನ್ನನ್ನು ಬೆತ್ತಲು ಮಾಡಿದವಳು ಮಾಲೀಕರ ಎದುರು ಮುಚ್ಚಿದಳು. ನನಗೆ ಅದು ಅರ್ಥವಾಗಲಿಲ್ಲ.

ಹೇಳಿಬಿಡುತ್ತೇನೆ. ನಾನು ಅವಳನ್ನು ಕ್ಷಮಿಸಲಿಲ್ಲ. ದಿನ ಕಳೆದಂತೆ ಹೆದರಿಕೆ ಹೋಯಿತು, ಆ ಡಬ್ಬಿಯ ಹೆಂಗಸರ ಮುಖಗಳು ಮಾತ್ರ ಉಳಿದವು. ಒಂದು ಬೆರಳ ತುದಿ ತಲೆಗೆ ತಾಗಿದ್ದಕ್ಕೆ ಏನಾಗಿದ್ದೀತು? ಏನೂ ಆಗಿರಲಿಲ್ಲ. ಬಿಲ್ಲೆ ಶುದ್ಧವಾಗಿಯೇ ಇತ್ತು. ಅದಕ್ಕೇ ಬೆನ್ನು ತಿರುಗಿಸಿದ್ದು, ಅದಕ್ಕೇ ಉತ್ತರ ಕೊಡದೆ ಇದ್ದದ್ದು. ನನಗೆ ಬುದ್ಧಿ ಬರಲಿ ಎಂದು ಹೆದರಿಸಿ ನನ್ನ ಮಾನ ತೆಗೆದಳು ಎಂದು ಲೆಕ್ಕ ಹಾಕಿಕೊಂಡೆ. ಅವಳ ಮೇಜಿನಲ್ಲೇ ಅವಳು ಕಲಿಸಿದ ಹಾಗೆಯೇ ಎಲೆ ಹಾಕಿ ಒಂಬತ್ತು ವರ್ಷ ಕೆಲಸ ಮಾಡಿದೆ. ಹಠಕ್ಕೆ ಬಿದ್ದು ಒಂದು ತಪ್ಪನ್ನೂ ಮಾಡಲಿಲ್ಲ. ಒಂದೆರಡು ಸಲ ಕೇಳಿದ್ದೂ ಉಂಟು, "ಅವತ್ತು ಮಣಿ ಕಟ್ಟಿತ್ತಾ ಇಲ್ವಾ, ಹೇಳಿ ಅಕ್ಕ" ಎಂದು. "ನಿನ್ನ ಎಲೆ ನೋಡ್ಕೊ ಮಾರಾಯ್ತಿ" ಎನ್ನುತ್ತಿದ್ದಳು.

ಹೋದ ತಿಂಗಳು ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದವಳು ಹಾಗೆಯೇ ಕುರ್ಚಿಗೊರಗಿದಳಂತೆ. ಹೃದಯ.

ಹದಿಮೂರನೆಯ ದಿನದ ಊಟ ಮುಗಿಸಿ ಹೊರಟವಳನ್ನು ಭಾವ ನಿಲ್ಲಿಸಿದರು. ಒಂದು ಪುಟ್ಟ ಸ್ಟೀಲ್ ಡಬ್ಬಿ ಕೊಟ್ಟರು. "ಕಪಾಟಿನಲ್ಲಿ ಪಟ್ಟೆ ಸೀರೆಯ ಅಡಿಯಲ್ಲಿ ಇತ್ತು. ವರ್ಕ್‌ಶಾಪಿಂದು ಇರ್ಬೇಕು. ನನಗೆ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ, ನನ್ನ ಕೈಯಲ್ಲಿ ಎಣ್ಣೆ ಅಂತ."

ಒಳಗೆ ಪ್ಲಾಸ್ಟಿಕ್ ಪೊಟ್ಟಣ. ಪೊಟ್ಟಣದೊಳಗೆ ಹಿತ್ತಾಳೆಯ ಬಿಲ್ಲೆ. ಚೀಟಿಯಲ್ಲಿ ಅವಳ ದುಂಡು ಅಕ್ಷರದಲ್ಲಿ ಆ ನರಕ ಚತುರ್ದಶಿಯ ತಾರೀಕು, ಬೇರೇನೂ ಇಲ್ಲ.

ಮರುದಿನ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋದೆ. ಬಟ್ಟೆ ಬದಲಿಸಿ ಮೊಣಕೈ ತನಕ ಮೂರು ಸಲ ಸೋಪು ಹಾಕಿದೆ. ಹೊಸ ಗ್ಲೌಸು. ಬಿಳಿ ಬಟ್ಟೆ. ಚಿಮಟದಲ್ಲಿ ಬಿಲ್ಲೆಯನ್ನೆತ್ತಿ ಉಪ್ಪಿನಕಾಯಿಯ ಜಾಗದಲ್ಲಿಟ್ಟೆ. ಎಷ್ಟೋ ಹೊತ್ತು ನೀರಿನ ಬಾಟಲಿ ಕೈಯಲ್ಲೇ ಇತ್ತು. ಹರಡಿಕೊಂಡರೆ ನನ್ನ ಸಿಟ್ಟು ಸರಿ. ಹರಡಿಕೊಳ್ಳಲಿ ಎಂದೇ ಬೇಡಿಕೊಂಡೆ, ದೇವರಾಣೆ.

ಸುರಿದೆ. ಒಂದು ಬದಿಯಲ್ಲಿ ನೀರು ಹರಡಿತು. ಇನ್ನೊಂದು ಬದಿಯಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ, ಹರಡದೆ ಮಣಿ ಕಟ್ಟಿ ನಿಂತಿತು. ಸಣ್ಣಸಣ್ಣ ಮಣಿಗಳು. ಬೆಳಕಿಗೆ ಹಿಡಿದಾಗ ಅವುಗಳ ಅಡಿಯಲ್ಲಿ ನನ್ನ ಗ್ಲೌಸಿನ ಬೆರಳಿನ ಗುರುತೂ ಕಂಡಿತು.

ಅವತ್ತೇ ತೋರಿಸಿದ್ದರೆ ನಾನು ಮತ್ತೆ ಒಂದು ಬಳೆಯನ್ನೂ ಮುಟ್ಟುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ನನ್ನ ಸಿಟ್ಟನ್ನು ಒಂಬತ್ತು ವರ್ಷ ಮುಖದ ಮೇಲೆ ನೋಡುತ್ತ, ಎದುರು ಮೇಜಿನಲ್ಲಿ ಕೂತು, ಸುಮ್ಮನಿದ್ದಳಲ್ಲ ಈ ಹೆಂಗಸು! ಅಯ್ಯೋ ಅಕ್ಕ. ಮೇಜಿಗೆ ಹಣೆಯಿಟ್ಟು ಅತ್ತೆ. ಅವಳ ತಲೆಗೆ ಎಣ್ಣೆ ಹಾಕುವಾಗ ಬರದ ಅಳು ಆಗ ಬಂತು.

ಕಣ್ಣೊರೆಸಿಕೊಂಡು ದಾದಾಗೆ ಫೋನ್ ಮಾಡಿದೆ. ಆ ಹೊತ್ತಿಗೆ ಅವರು ಗಾಡಿ ಓಡಿಸುತ್ತಿರಲಿಲ್ಲವೇನೋ, ಎರಡನೇ ರಿಂಗಿಗೇ ಎತ್ತಿದರು.

"ಬೋಲ್ ಗ. ಕಾಯ್ ಕಾಮ್ ಕಾಢಲಂಸ್ ಸಕಾಳೀ ಸಕಾಳೀ?" ಬೆಳಿಗ್ಗೆ ಬೆಳಿಗ್ಗೆ ಏನು ಕೆಲಸ ಬಂತು ಎಂದು ಕೇಳಿದರು.

"ಕಾಹೀ ನಾಹೀ, ದಾದಾ." ಏನಿಲ್ಲ ಎಂದೆ. 

 ಅವರು ಫೋನು ಇಡಲಿಲ್ಲ. ಆ ಕಡೆಯಿಂದ ಅವರು ಉಸಿರಾಡುವುದು ಕೇಳಿಸುತ್ತಿತ್ತು, ನಾನು ಕೇಳುತ್ತ ನಿಂತೆ.